ತಳದ ಕಾಳು, ಕೊನೆಯ ಹಾಳೆ

ಗೌಸಿಯಾಬೇಗಂ ಹದಿನೆಂಟು ವರ್ಷ ಆಳಂದದ ಬೇಳೆ ಮಿಲ್ಲಿನಲ್ಲಿ ತೊಗರಿ ಹಸನು ಮಾಡಿದವರು. ಚೀಲದ ಬಾಯಲ್ಲಿ ಒಳ್ಳೆಯ ಕಾಳು ಕಂಡರೆ ಮೊದಲು ತಳಕ್ಕೆ ಕೈ ಹಾಕುತ್ತಾರೆ. ಈಗ ಊರಿನ ಸರ್ಕಾರಿ ಶಾಲೆಯ ಅಭಿವೃದ್ಧಿ ಸಮಿತಿಗೆ ಅವರೇ ಅಧ್ಯಕ್ಷೆ.

ಐದು ತರಗತಿಗಳಿಗೆ ಅಲ್ಲಿ ಇರುವುದು ಮೂರೇ ಕೋಣೆ. ಅವರ ಮಗಳು ನೂರೀನ ಕೂರುವುದು ವರಾಂಡದಲ್ಲಿ. ಜುಲೈ ತಿಂಗಳಲ್ಲಿ ಟ್ರಸ್ಟೊಂದರ ಪರವಾಗಿ ಮಲ್ಕಪ್ಪ ಎಂಬವರು ಬಂದು, ಎರಡು ಕೋಣೆ ಕಟ್ಟಿಸಿಕೊಡುತ್ತೇವೆಂದು ಒಪ್ಪಂದದ ಹಾಳೆಗಳನ್ನು ಮುಂದಿಟ್ಟರು.

“ನೂರೀನ, ಕಡೀ ಹಾಳಿ ಮೊದಲ ಓದು ಬೇ,” ಎಂದರು ಗೌಸಿಯಾಬೇಗಂ.

ಹತ್ತು ವರ್ಷದ ಬಳಿಕ ಕೋಣೆಗಳನ್ನು ಹಿಂಪಡೆಯುವ ಹಕ್ಕು ಟ್ರಸ್ಟಿಗಿದೆ ಎಂದು ಅಲ್ಲಿ ಬರೆದಿತ್ತು.

“ಅದು ಬರೇ ಕಾಗದದಾಗ ಇರ್ತದ್ರಿ ಅಕ್ಕಾರ. ಪುಣ್ಯದ ಕೆಲಸಕ್ಕೂ ಸಂಶಯ ಮಾಡ್ತೀರಲ್ಲ!”

“ಬರೇ ಕಾಗದ ಆದ್ರ ಅದರ ಮ್ಯಾಲ ಗೀಟ ಹೊಡೀರಿ. ಈಗಿಂದೀಗ ಸಹಿ ಮಾಡ್ತೇನಿ.”

ಮಲ್ಕಪ್ಪ ಪೆನ್ನು ತೆಗೆಯಲಿಲ್ಲ. “ಸರ್ಕಾರ ಯಾವಾಗ ಕಟ್ಟಸ್ತದ್ರಿ?” ಎಂದರು.

“ಕಡ್ಡಿಪೆಟ್ಟಿಗಿ ಕೊಂಡ್ರೂ ತೆರಿಗಿ ಕೊಡ್ತೇವ್ರಿ. ಅದಕ್ಕ ಸರ್ಕಾರದ ಬಾಗಲಾಗ ಕುಂತು ಜಗಳಾಡ್ತೇನಿ. ನೀವು ಕಸ್ಕೊಂಡ್ರ ಯಾರ ಬಾಗಲಿಗಿ ಹೋಗ್ಲಿ?”

ಮರುದಿನ ಅವರು ಕೋಣೆ ಕೇಳುವ ಅರ್ಜಿ ಹಿಡಿದು, ತಾಲ್ಲೂಕು ಶಿಕ್ಷಣ ಕಚೇರಿಗೆಂದು ಆಳಂದದ ಬಸ್ಸು ಹತ್ತಿದರು. ಆ ಮಳೆಗಾಲವೂ ನೂರೀನಳ ಪಾಠ ವರಾಂಡದಲ್ಲೇ ನಡೆಯಿತು.