ಕಾಲು ನೋಡುವ ಕೋಚ್

ಚಿಂತಾಮಣಿಯ ಕಾಲೇಜಿನಲ್ಲಿ ನಾನು ಇಂಗ್ಲಿಷ್ ಲೆಕ್ಚರರ್, ಅವರು ಕಬಡ್ಡಿ ತಂಡದ ಡಿಫೆನ್ಸ್ ಕೋಚ್. ನನ್ನ ಪಾಠದ ನಡುವೆಯೇ ಕಿಟಕಿಯಾಚೆ ಅವರ ಕೂಗು: “ಮುಖ ನೋಡ್ಬೇಡ ಕಣಪ್ಪ, ಕಾಲು ನೋಡು.” ಮಾತನಾಡಿಸಿದರೆ ನನ್ನ ಚಪ್ಪಲಿ ನೋಡುತ್ತಲೇ ಉತ್ತರಿಸುತ್ತಿದ್ದರು. ಹೋಪ್‌ಲೆಸ್ ಮನುಷ್ಯ. ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಗೌರಿಬಿದನೂರು, ಹಿಂದೆ ಕೆಲಸ ಮಾಡಿದ ಎಲ್ಲಿಯೂ ಪರ್ಮನೆಂಟ್ ಆಗಿರಲಿಲ್ಲ. ಫೈನಲ್ ಗೆದ್ದರೆ ಇಲ್ಲಿ ಪರ್ಮನೆಂಟ್ ಮಾಡಬೇಕೆಂದು ನಾನೇ ಪ್ರಿನ್ಸಿಪಾಲರನ್ನು ಕಾಡಿ ಒಪ್ಪಿಸಿದ್ದೆ.

ಫೈನಲ್ ಗೌರಿಬಿದನೂರಿನ ಮೇಲೆ. ಆ ತಂಡದ ಮೂಲೆ ಕಾಯುತ್ತಿದ್ದವನು ನಮ್ಮ ಕೋಚ್ ಅವರ ಹಳೆಯ ಶಿಷ್ಯ. ಅಂಕ ಸಮ. ಕೊನೆಯ ರೈಡಿಗೆ ನಮ್ಮ ಹುಡುಗ ನುಗ್ಗಿದಾಗ ಕೋಚ್ ಗೆರೆಯಾಚೆಯಿಂದ ಆ ಶಿಷ್ಯನಿಗೆ ಕೂಗಿ ಹೇಳಿದರು: “ಎಡಗಾಲು ಹಿಂದಕ್ಕಿಡೋ.” ಅವನು ಇಟ್ಟ. ನಮ್ಮವನ ಪಾದ ಹಿಡಿದೇ ಬಿಟ್ಟ. ನಾವು ಸೋತೆವು.

“ಏನ್ರೀ ಇದು, ಬುದ್ಧಿ ಇದೆಯೇನ್ರೀ ನಿಮಗೆ?” ಎಂದೆ.

“ತಪ್ಪಾಗಿ ನಿಂತಿದ್ದ ಮೇಡಂ. ಹೆಂಗೆ ಸುಮ್ನಿರೋದು?”

ಅಂದೇ ಕೆಲಸ ಹೋಯಿತು. ಗೌರಿಬಿದನೂರಿನವರು ಸಂತೋಷದಿಂದ ವಾಪಸ್ ಕರೆದರು. ಗಾಡ್, ಅದಕ್ಕೂ ಇವರು ಒಪ್ಪಲಿಲ್ಲ.

“ಯಾಕ್ರೀ?”

“ಹೆಂಗೆ ಸಿಕ್ಕಾಕ್ಕೊಂಡೆ ಅಂತ ನಮ್ಮ ಹುಡುಗನಿಗಿನ್ನೂ ಗೊತ್ತಾಗಿಲ್ಲ ಮೇಡಂ. ಹೇಳ್ಕೊಟ್ಟು ಹೋಗ್ತೀನಿ,” ಎಂದು ಸಂಬಳವಿಲ್ಲದ ಮೈದಾನಕ್ಕೆ ಹೊರಟೇಬಿಟ್ಟರು.