ಬಜರಿನ ಮೇಲಿಟ್ಟ ಬೆರಳು

ನಮ್ಮ ಭಾವನ ಬಗ್ಗೆ ಒಳ್ಳೆಯದು ಹೇಳು ಅಂದರೆ ಹೇಳುತ್ತೇನೆ, ಕೆಟ್ಟದ್ದು ಹೇಳು ಅಂದರೆ ಇನ್ನೂ ಚೆನ್ನಾಗಿ ಹೇಳುತ್ತೇನೆ. ಭಾವ ಅಂದರೆ ನನ್ನ ಗಂಡನ ಅಣ್ಣ. ಗಾಡಿ ರಿಪೇರಿ ಅವರ ಕೆಲಸ. ಊರಲ್ಲಿ ಎಲ್ಲರೂ ಕರೆಯೋದು ಕಿವಿ ಮೇಸ್ತ್ರಿ ಅಂತ. ಎಂಜಿನ್ ಶುರು ಮಾಡಿಸಿ, ಪಕ್ಕದಲ್ಲಿ ತಲೆ ಬಾಗಿಸಿ ನಿಂತರೆ ಸಾಕು, ಯಾವ ಬೇರಿಂಗ್ ಸವೆದಿದೆ, ಎಲ್ಲಿ ಗಾಳಿ ಸೋರುತ್ತಿದೆ, ಎಲ್ಲಾ ಹೇಳಿಬಿಡುತ್ತಿದ್ದರು. ನಾನು ಮದುವೆಯಾಗಿ ಬಂದ ಹೊಸದರಲ್ಲಿ, ತವರಿಂದ ತಂದ ಮಿಕ್ಸಿಯ ಸದ್ದನ್ನು ವರಾಂಡದಿಂದಲೇ ಕೇಳಿ, "ಇದು ಹೆಚ್ಚು ದಿನ ಬಾಳಲ್ಲಮ್ಮ" ಅಂದಿದ್ದರು. ನನ್ನ ಅಪ್ಪ ಕೊಟ್ಟದ್ದಕ್ಕೆ ಹೀಗನ್ನುತ್ತಾರಲ್ಲ ಅಂತ ನನಗೆ ಮೈಯೆಲ್ಲಾ ಉರಿದುಹೋಯಿತು. ಆ ವಾರವೇ ಅದು ಹೊಗೆ ಬಿಟ್ಟು ಕೂತಿತು. ಮಿಕ್ಸಿಗಿಂತ ಭಾವನ ಮೇಲೆಯೇ ನನಗೆ ಸಿಟ್ಟು ಬಂದದ್ದು.

ನಮ್ಮದು ಒಂದೇ ಮನೆ, ಎರಡು ಒಲೆ. ಮುಂದಿನ ಭಾಗದಲ್ಲಿ ಭಾವ ಮತ್ತು ಅವರ ಹೆಂಡತಿ, ನಾನು ಅಕ್ಕ ಅನ್ನುವುದು, ಹಿಂದಿನ ಎರಡು ಕೋಣೆಯಲ್ಲಿ ನಾವು. ಅಣ್ಣನಿಗೆ ಶೆಡ್ಡು, ತಮ್ಮನಿಗೆ ಸ್ಟೀರಿಂಗು. ನಮ್ಮನೆಯವರು ಊರಾಚೆಯ ಕಲ್ಲು ಗಣಿಯಲ್ಲಿ ಗುಡ್ಡದ ಗಾಡಿ ಓಡಿಸುತ್ತಿದ್ದರು. ಗುಡ್ಡದ ಗಾಡಿ ಅಂದರೆ ಜೀಪೂ ಅಲ್ಲ, ಟ್ರ್ಯಾಕ್ಟರೂ ಅಲ್ಲ. ಮುಂದೆ ಪಕ್ಕಪಕ್ಕ ಎರಡು ಸೀಟು, ಸುತ್ತಲೂ ಕಬ್ಬಿಣದ ಪೈಪು, ಬಾಗಿಲಿಲ್ಲ, ಗಾಜಿಲ್ಲ, ಎಂಜಿನ್ ಬೆನ್ನ ಹಿಂದೆ. ರಸ್ತೆಯೇ ಇಲ್ಲದ ಕಡೆ ಬಂಡೆ ಹತ್ತಿಕೊಂಡು ಹೋಗುತ್ತದೆ. ಅದರಲ್ಲಿ ಗೇರು ಚಕ್ರಗಳ ಬದಲು ಒಂದು ದಪ್ಪ ಬೆಲ್ಟು ಎಂಜಿನ್ನಿನ ಬಲವನ್ನು ಗಾಲಿಗೆ ಮುಟ್ಟಿಸುತ್ತದೆ. ಏರು ಹೆಚ್ಚಾಗಿ, ಭಾರ ಹೆಚ್ಚಾಗಿ ಬೆಲ್ಟು ಕಾದರೆ ಹರಿದುಹೋಗುತ್ತದೆ. ಹರಿದರೆ ಮುಂದಕ್ಕೆ ಎಳೆಯುವವರೂ ಇಲ್ಲ, ಹಿಂದಕ್ಕೆ ಜಾರದಂತೆ ಎಂಜಿನ್ ಹಿಡಿದುಕೊಳ್ಳುವುದೂ ಇಲ್ಲ, ಬರೀ ಬ್ರೇಕೇ ಗತಿ. ಇಷ್ಟೆಲ್ಲಾ ನನಗೆ ಗೊತ್ತಿರುವುದು ಓದಿ ಅಲ್ಲ, ಆಸ್ಪತ್ರೆ ಬೆಂಚಿನ ಮೇಲೆ ಕೂತು ಬಂದವರೆಲ್ಲ ಹೇಳಿದ್ದನ್ನು ಕೇಳಿ ಕೇಳಿ.

ಈ ಗಾಡಿಗಳಿಗೆ ಮೀಟರು ಕೂರಿಸುವ ಹುಚ್ಚು ಭಾವನಿಗೆ ಹಿಡಿದದ್ದು ಇತ್ತೀಚೆಗೆ. ಕಂಪನಿಯಿಂದ ಬರುವಾಗ ಎಲ್ಲ ಮೀಟರೂ ಇರುವುದಿಲ್ಲವಂತೆ. ಹೊರಗಡೆಯ ಸೆನ್ಸರು ತಂದು ನೀರಿನ ಪೈಪಿಗೊಂದು, ಆಯಿಲ್ ದಾರಿಗೊಂದು, ಬೆಲ್ಟಿನ ಡಬ್ಬಿಗೊಂದು ಸಿಕ್ಕಿಸಿ, ವೈರು ಎಳೆದು, ಸ್ಟೀರಿಂಗ್ ಹತ್ತಿರ ಮುಳ್ಳಿನ ಮೀಟರು ಕೂರಿಸುವುದು. ಬಂಡೆ ಹತ್ತಿಸುವವನು ಮುಳ್ಳು ನೋಡುತ್ತಾ ಕೂತರೆ ಆಗುತ್ತದೆಯೇ? ಅದಕ್ಕೆ ಜೊತೆಗೊಂದು ಬಜರು. ಬಿಸಿ ಮಿತಿ ಮೀರಿದರೆ ಕೀಂ ಅಂತ ಕಿರುಚಿಕೊಳ್ಳುತ್ತದೆ. ಬಂದ ಗಿರಾಕಿಗಳಿಗೆಲ್ಲ ಭಾವನದು ಒಂದೇ ಉಪದೇಶ: ಮೀಟರು ಹಾಕಿಸು, ಕಿವಿ ನಂಬಬೇಡ. ಕಿವಿ ಮೇಸ್ತ್ರಿಯ ಬಾಯಲ್ಲೇ ಈ ಮಾತು ಬಂದರೆ ಯಾರು ಬೇಡ ಅನ್ನುತ್ತಾರೆ? ಹಳೇ ಕಾಲದವರಾದರೂ ಹೊಸದನ್ನು ಕಲಿತರು ನೋಡಿ ಅಂತ ಜನ ಹೊಗಳಿದರು. ನಾನೂ ಹೊಗಳಿದೆ ಅನ್ನಿ.

ಅದೇ ಹೊತ್ತಿಗೆ ಮನೆಯಲ್ಲಿ ಭಾವ ಬಲು ಬಿಗುಮಾನದವರಾಗಿದ್ದರು. ಹಿಂದಿನಿಂದ ಕರೆದರೆ ತಿರುಗುತ್ತಿರಲಿಲ್ಲ. ಕುಕ್ಕರ್ ಸೀಟಿ ಹೊಡೆದು ಹೊಡೆದು ಸುಸ್ತಾದರೂ ಪಕ್ಕದಲ್ಲೇ ಕೂತು ಪೇಪರ್ ಓದುತ್ತಿದ್ದರು. ನನ್ನ ಮಗಳು "ದೊಡ್ಡಪ್ಪಾ" ಅಂತ ಮೆತ್ತಗೆ ಕರೆದರೆ ಜವಾಬಿಲ್ಲ, ಎದುರಿಗೆ ಹೋಗಿ ನಿಂತರೆ ಎತ್ತಿ ಮುದ್ದಾಡುತ್ತಿದ್ದರು. ದುಡಿಮೆ ಹೆಚ್ಚಾಯಿತು, ತಲೆ ತಿರುಗಿದೆ ಅಂತ ನಾನು ಅಕ್ಕನ ಮುಂದೆ ಆಡಿಕೊಂಡೆ. ಅಕ್ಕ ಪಾತ್ರೆ ತೊಳೆಯುತ್ತಲೇ ಇದ್ದಳು.

ಗಣಿಯ ಗಾಡಿಗೂ ಭಾವನೇ ಮೀಟರು ಕೂರಿಸಿದರು. ತಮ್ಮ ಓಡಿಸುವ ಗಾಡಿ ಅಂತ ಒಳ್ಳೇ ಸಾಮಾನನ್ನೇ ತರಿಸಿ, ಎರಡು ದಿನ ಕೂತು, ವೈರಿಗೆಲ್ಲ ರಬ್ಬರ್ ಕೊಳವೆ ತೊಡಿಸಿ ಮಾಡಿದರು. ಕೊನೆಗೆ ಬಿಸಿಗಾಳಿ ಊದುವ ಯಂತ್ರದಿಂದ ಸೆನ್ಸರನ್ನು ಕಾಯಿಸಿ ನೋಡಿದರಂತೆ. ಮುಳ್ಳು ಸರಿಯಾಗಿ ಏರಿತು. ಗಣಿಯ ಸೂಪರ್‌ವೈಸರು ಬೇಗ ಬೇಗ ಅಂತ ಅವಸರ ಮಾಡುತ್ತಾ ಎಂಜಿನ್ ಶುರು ಮಾಡಿಕೊಂಡೇ, ಫೋನು ಕಿವಿಗೊತ್ತಿಕೊಂಡು ಸೀಟಲ್ಲಿ ಕೂತಿದ್ದ. ಭಾವ ಎಲ್ಲ ಸರಿಯಿದೆ, ತಗೊಂಡು ಹೋಗಿ ಅಂದರು. ಗಾಡಿ ಹೋಯಿತು.

ಮಳೆಗಾಲ ಮುಗಿದ ಮೇಲೆ ಒಂದು ಬೆಳಿಗ್ಗೆ ಗುಡ್ಡದ ಮೇಲೆ ಕೆಲಸದವನೊಬ್ಬನ ಕೈ ಕಲ್ಲಿನಡಿ ಸಿಕ್ಕಿಹಾಕಿಕೊಂಡಿತು. ನಮ್ಮನೆಯವರು ಗಣಿಯ ನರ್ಸಮ್ಮನನ್ನು ಕೂರಿಸಿಕೊಂಡು ಹೊರಟರು. ಹಿಂದೆ ಆಕ್ಸಿಜನ್ ಸಿಲಿಂಡರು, ಸ್ಟ್ರೆಚರು, ಔಷಧಿ ಪೆಟ್ಟಿಗೆ, ಸಾಕಷ್ಟು ಭಾರ. ಕೊನೆಯ ಏರಿನಲ್ಲಿ ಬೆಲ್ಟು ಹರಿಯಿತು. ಬ್ರೇಕು ಹಿಡಿದರೂ ಗಾಡಿ ಜಲ್ಲಿಯ ಮೇಲೆ ಹಿಂದಕ್ಕೆ ಜಾರಿ, ಅಂಚಿನಿಂದ ಉರುಳಿತು. ನರ್ಸಮ್ಮ ಅಲ್ಲೇ ಹೋಗಿಬಿಟ್ಟರು. ಪೈಪಿನ ಕೆಳಗೆ ಸಿಕ್ಕ ಇವರ ಬಲಗಾಲನ್ನು ಆಸ್ಪತ್ರೆಯಲ್ಲಿ ಮಂಡಿಯ ಮೇಲಿಂದ ತೆಗೆದರು. ತನಿಖೆಗೆ ಅಂತ ಗಾಡಿ ನೋಡಲು ಬಂದವರು, ಮೀಟರು ಸರಿಯಿತ್ತು, ಬಜರಿನ ವೈರು ಬಿದ್ದ ಏಟಿಗೆ ಕಳಚಿರಬೇಕು, ಅದಕ್ಕೆ ಮುಂಚೆ ಅದು ಕೂಗಿಯೇ ಇರುತ್ತದೆ, ಓಡಿಸುವವನು ಗಮನಿಸಿಲ್ಲ ಅಂತ ತೀರ್ಮಾನ ಮಾಡಿದರು. ಸೂಪರ್‌ವೈಸರನೂ ಹೂಂಗುಟ್ಟಿದ.

ಕಾಲು ಹೋದದ್ದನ್ನು ಇವರು ಹಲ್ಲು ಕಚ್ಚಿ ಸಹಿಸಿಕೊಂಡರು. ಸಹಿಸಲಾಗದೆ ಹೋದದ್ದು ಆ ಮಾತನ್ನು. ಹೊರಡುವಾಗ ಇವರು ನಮ್ಮ ಮಗಳ ತುಂಟತನ ಏನನ್ನೋ ಹೇಳುತ್ತಿದ್ದರಂತೆ, ನರ್ಸಮ್ಮ ನಗುತ್ತಿದ್ದರಂತೆ. "ಅದು ಕೂಗಿರುತ್ತೆ ಕಣೇ," ಅಂದರು ಒಂದು ದಿನ, ಸೂರು ನೋಡುತ್ತಾ. "ಅಣ್ಣ ಪರೀಕ್ಷೆ ಮಾಡಿ ಕೊಟ್ಟಿದ್ದು. ನಾನು ಹರಟೆ ಹೊಡೀತಾ ಇದ್ದೆ. ಆಯಮ್ಮ ನಗ್ತಾನೇ ಇದ್ರು." ಅಲ್ಲಿಂದ ಮಾತು ನಿಂತಿತು. ಊಟ ಇಟ್ಟರೆ ತಿಂದರೆ ತಿಂದರು, ಇಲ್ಲದಿದ್ದರೆ ಇಲ್ಲ. ಕೃತಕ ಕಾಲು ಹಾಕಬೇಕಾದರೆ ಈಗಿನಿಂದಲೇ ತೊಡೆಗೆ ವ್ಯಾಯಾಮ ಮಾಡಿಸಬೇಕು, ಬಿಟ್ಟರೆ ಕೀಲು ಮಡಚಿಕೊಂಡು ಹಾಗೇ ಬಿಗಿದುಹೋಗುತ್ತದೆ, ಆಮೇಲೆ ಯಾವ ಕಾಲೂ ಕೂರುವುದಿಲ್ಲ ಅಂತ ಡಾಕ್ಟರು ಬೈದು ಹೇಳಿದ್ದರು. ನಾನು ಗೋಗರೆದೆ, ಬೈದೆ, ಮಗಳನ್ನು ಮುಂದೆ ಬಿಟ್ಟೆ. ಇವರದ್ದು ಒಂದೇ ಮಾತು: "ಆಯಮ್ಮಂಗೆ ಜೀವ ವಾಪಸ್ ಕೊಡೋಕಾಗುತ್ತಾ? ನಂಗ್ಯಾಕೆ ಕಾಲು?"

ಆ ದಿನಗಳಲ್ಲಿ ಭಾವ ಮಾಡಿದ ಸೇವೆಯನ್ನು ನಾನು ಊರಿಗೆಲ್ಲಾ ಹೇಳಿಕೊಂಡು ಬಂದೆ. ತಮ್ಮನನ್ನು ಮಗುವಿನ ಹಾಗೆ ಎತ್ತಿಕೊಂಡು ಹೋಗಿ ಸ್ನಾನ ಮಾಡಿಸುತ್ತಿದ್ದರು, ಗಡ್ಡ ಹೆರೆಯುತ್ತಿದ್ದರು. ಎರಡೂ ಒಲೆ ಉರಿಯುತ್ತಿದ್ದದ್ದು ಅವರ ಶೆಡ್ಡಿನಿಂದಲೇ. ಇಂಥ ಅಣ್ಣ ಯಾರಿಗುಂಟು ಅಂತ ಕಣ್ಣೀರು ಹಾಕಿಕೊಂಡೆ. ಈಗ ನೆನೆಸಿಕೊಂಡರೆ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕು ಅನಿಸುತ್ತದೆ.

ಒಂದು ಮಧ್ಯಾಹ್ನ ಅಕ್ಕನಿಗೆ ಹುಷಾರಿರಲಿಲ್ಲ, ಭಾವನ ಊಟದ ಡಬ್ಬಿಯನ್ನು ಶೆಡ್ಡಿಗೆ ನಾನು ತೆಗೆದುಕೊಂಡು ಹೋದೆ. ರಸ್ತೆ ತಿರುವಿನಲ್ಲೇ ಆ ಸದ್ದು ಕಿವಿಗೆ ಹೊಡೆಯಿತು. ಕೀಂ ಅಂತ ಒಂದೇ ಸಮನೆ, ಹಲ್ಲು ಜುಮ್ಮೆನ್ನುವ ಹಾಗೆ. ಎದುರಂಗಡಿ ಟೈರಿನವನು ಕಿವಿಗೆ ಬೆರಳು ತುರುಕಿಕೊಂಡು, ಸ್ವಲ್ಪ ಹೇಳಮ್ಮಾ ನಿಮ್ಮ ಭಾವನಿಗೆ, ದಿನಾ ಇದೇ ಗೋಳು ಅಂತ ಗೊಣಗಿದ. ಒಳಗೆ ಭಾವ ಯಾರದೋ ಗಾಡಿಯ ಪಕ್ಕ ಮೊಣಕಾಲೂರಿ ಕೂತಿದ್ದರು. ಎಂಜಿನ್ ಓಡುತ್ತಿರಲಿಲ್ಲ. ಬಜರು ಅವರ ಮುಖದ ಹತ್ತಿರವೇ ಕಿರುಚಿಕೊಳ್ಳುತ್ತಿತ್ತು. ಅವರು ಕಣ್ಣು ಮುಚ್ಚಿ ಅದರ ಮೇಲೆ ತೋರುಬೆರಳು ಇಟ್ಟುಕೊಂಡಿದ್ದರು. ಜ್ವರ ಬಂದ ಮಗುವಿನ ನಾಡಿ ನೋಡುವ ಹಾಗೆ.

"ಭಾವಾ" ಅಂದೆ. ಇಲ್ಲ. ಗಟ್ಟಿಯಾಗಿ ಅಂದೆ. ಇಲ್ಲ. ಡಬ್ಬಿ ಕೆಳಗಿಟ್ಟು ಹೋಗಿ ಅವರ ಬೆರಳನ್ನು ಎತ್ತಿದೆ. ಬೆಚ್ಚಿಬಿದ್ದು ನನ್ನ ಮುಖ ನೋಡಿದರು, ಆಮೇಲೆ ನನ್ನ ಬಾಯಿ ನೋಡಿದರು. ಅವರು ಎಷ್ಟೋ ಕಾಲದಿಂದ ಎಲ್ಲರ ಬಾಯಿಯನ್ನೇ ನೋಡುತ್ತಿದ್ದರು ಅನ್ನುವುದು ನನಗೆ ಹೊಳೆದದ್ದು ಆಗ. ಕುಕ್ಕರು, ಮಗಳು, ಬಿಗುಮಾನ, ಎಲ್ಲ ಒಂದೊಂದಾಗಿ ಬಂದು ಎದುರಿಗೆ ನಿಂತವು.

ಮುಚ್ಚಿಡಲು ಅವರು ಪ್ರಯತ್ನ ಮಾಡಲಿಲ್ಲ. ಸ್ವಿಚ್ ಆರಿಸಿ, ಚಿಂದಿಬಟ್ಟೆಯಲ್ಲಿ ಕೈ ಒರೆಸಿಕೊಳ್ಳುತ್ತಾ ಹೇಳಿದರು. ದಪ್ಪ ಸದ್ದು ಕೇಳುತ್ತದಂತೆ, ಎದುರಿಗೆ ನಿಂತು ಮಾತಾಡಿದರೆ ತಿಳಿಯುತ್ತದಂತೆ, ಸಣ್ಣ ಸದ್ದು, ಕೀಚಲು ಸದ್ದು ಹೋಗಿ ಎಷ್ಟೋ ವರ್ಷವಾಯಿತಂತೆ. ಎಂಜಿನ್ನುಗಳ ಪಕ್ಕ ತಲೆಯಿಟ್ಟು ತಲೆಯಿಟ್ಟು ಹೀಗಾಯಿತು ಅಂತ ಬೇರೆ ಊರಿನ ಡಾಕ್ಟರು ಹೇಳಿದರಂತೆ. ಕಿವಿ ಮೇಸ್ತ್ರಿಗೆ ಕಿವಿಯಿಲ್ಲ ಅಂದರೆ ಶೆಡ್ಡಿಗೆ ಯಾರು ಬರುತ್ತಾರೆ? ಅದಕ್ಕೇ ಮೀಟರು ಹಿಡಿದುಕೊಂಡರು. ಬಜರು ಕೂಗುತ್ತಿದೆಯೋ ಇಲ್ಲವೋ ಅಂತ ಬೆರಳಿಟ್ಟು ತಿಳಿಯುತ್ತಿದ್ದರು. ಕೂಗುವಾಗ ಅದು ಸಣ್ಣಗೆ ನಡುಗುತ್ತದೆ.

"ಆವತ್ತು?" ಅಂದೆ. ಯಾವತ್ತು ಅಂತ ಅವರು ಕೇಳಲಿಲ್ಲ.

"ಆವತ್ತು ಎಂಜಿನ್ ಓಡ್ತಾ ಇತ್ತಮ್ಮ. ಬೆರಳಿಟ್ಟೆ, ನಡುಗ್ತು. ಸರಿ ಅಂದೆ. ಗಾಡಿಯೇ ನಡುಗ್ತಾ ಇತ್ತು."

ಎಂಜಿನ್ ಆರಿಸು ಅಂತ ಸೂಪರ್‌ವೈಸರನಿಗೆ ಒಂದು ಮಾತು ಹೇಳಬಹುದಿತ್ತು. ಹೇಳಿದರೆ ಯಾಕೆ ಅಂತ ಕೇಳುತ್ತಾನೆ, ಕೂಗೋದು ಹೀಗೇ ಕೇಳಿಸುತ್ತಲ್ಲ ಅನ್ನುತ್ತಾನೆ. ಆ ಒಂದು ಪ್ರಶ್ನೆಗೆ ಹೆದರಿ ಬಿಟ್ಟರು. ಬಜರಿಗೆ ಹೋಗುವ ವೈರಿನ ಸಣ್ಣ ಸಾಕೆಟ್ಟು ಪೂರ್ತಿ ಕೂತಿರಲಿಲ್ಲ. ಆ ಬಜರು ಒಂದು ಸಲವೂ ಕೂಗಿಲ್ಲ. ಆಸ್ಪತ್ರೆಯಲ್ಲಿ ಇವರು "ನಂಗೆ ಕೇಳಿಸಲೇ ಇಲ್ಲ ಅಣ್ಣ" ಅಂದ ಗಳಿಗೆಯಲ್ಲೇ ಭಾವನಿಗೆ ಗೊತ್ತಾಗಿದೆ. ಗೊತ್ತಾಗಿ, ಬಾಯಿಗೆ ಬೀಗ ಹಾಕಿಕೊಂಡು, ತಮ್ಮನಿಗೆ ಸ್ನಾನ ಮಾಡಿಸಿಕೊಂಡು ಬಂದಿದ್ದಾರೆ.

ನಾನು ಆಡಬಾರದ್ದನ್ನೆಲ್ಲಾ ಆಡಿದೆ. ಅವರ ಮುಖದೆದುರೇ ನಿಂತು ಆಡಿದೆ, ಒಂದಕ್ಷರವೂ ತಪ್ಪಬಾರದು ಅಂತ. ಟೈರಿನವನು ಬಾಗಿಲ ತನಕ ಬಂದು ಹಿಂದೆ ಹೋದ. ಭಾವ ತಲೆ ತಗ್ಗಿಸಿದರೆ ಮಾತು ತಿಳಿಯುವುದಿಲ್ಲವಲ್ಲ, ಅದಕ್ಕೆ ಪಾಪ ತಲೆಯೆತ್ತಿಯೇ ಬೈಸಿಕೊಂಡರು. ಕೊನೆಗೆ ಹೇಳಿದೆ, ನೀವು ಕಿವುಡರು ಅಂತ ಊರಿಗೆ ಡಂಗುರ ಸಾರುವುದಿಲ್ಲ, ನನಗೂ ಒಲೆ ಉರಿಯಬೇಕು. ಆದರೆ ಮಲಗಿರುವವನ ಎದುರಿಗೆ ಈಗಲೇ ಬಂದು ಹೇಳಬೇಕು, ಆ ತೊಡೆ ಪೂರ್ತಿ ಬಿಗಿದುಹೋಗುವ ಮುಂಚೆ. ಭಾವ ಶೆಡ್ಡಿನ ಬಾಗಿಲು ಎಳೆದು ನನ್ನ ಹಿಂದೆಯೇ ಬಂದರು. ದಾರಿಯಲ್ಲಿ ಯಾರೋ ನಮಸ್ಕಾರ ಮೇಸ್ತ್ರಿ ಅಂದರು, ಭಾವ ನೋಡಲಿಲ್ಲ.

ನಮ್ಮನೆಯವರು ಕಿಟಕಿ ಪಕ್ಕದ ಮಂಚದ ಮೇಲೆ ಮಲಗಿದ್ದರು. ಭಾವ ಸ್ಟೂಲು ಎಳೆದುಕೊಂಡು ಕೂತು ಎಲ್ಲವನ್ನೂ ಹೇಳಿದರು. ಕಿವಿ ಹೋದದ್ದು, ಬೆರಳು ಇಡುವುದು, ಎಂಜಿನ್ ಓಡುತ್ತಿದ್ದದ್ದು, ಸಾಕೆಟ್ಟು. ಒಂದನ್ನೂ ಬಿಡಲಿಲ್ಲ. "ನಿನ್ನ ತಪ್ಪೇ ಇಲ್ಲ ಕಣೋ. ಅದು ಕೂಗೇ ಇಲ್ಲ. ಆಯಮ್ಮನ್ನ ಕೊಂದಿದ್ದು ನಾನು" ಅಂದರು. ಹೇಳುತ್ತಾ ಹೇಳುತ್ತಾ ಅವರಿಗೆ ಅಳು ಬಂತು. ಇವರು ಬೈಯಲಿ, ಕೈಗೆ ಸಿಕ್ಕಿದ್ದನ್ನು ಎಸೆಯಲಿ, ಅಣ್ಣನ ಮುಖವೇ ನೋಡುವುದಿಲ್ಲ ಅನ್ನಲಿ, ಒಟ್ಟಿನಲ್ಲಿ ಎದ್ದು ಕೂರಲಿ ಅಂತ ಕಾಯುತ್ತಾ ನಿಂತೆ.

ಇವರು ಅಣ್ಣನ ಮುಖ ನೋಡಿದರು. ಆಮೇಲೆ ಅಷ್ಟು ದಿನಗಳಲ್ಲಿ ಮೊದಲ ಸಲ ಸ್ವಲ್ಪ ನಕ್ಕರು.

"ಚಿಕ್ಕವನಿದ್ದಾಗ ನಾನು ಗಾಜು ಒಡೆದ್ರೂ ನೀನು 'ನಾನೇ ಒಡೆದೆ' ಅಂತ ಅಪ್ಪನ ಹತ್ರ ಏಟು ತಿಂತಿದ್ದೆ," ಅಂದರು. "ಈಗ ಇದನ್ನೂ ನಿನ್ನ ತಲೆಗೆ ಎಳ್ಕೊತೀಯಾ? ನಿನಗೆ ಕಿವಿ ಕೇಳಲ್ಲ ಅಂದ್ರೆ ನಾನು ನಂಬಬೇಕಾ, ಅಣ್ಣ?"

ನಾನು ಮಧ್ಯೆ ಬಾಯಿ ಹಾಕಿದೆ. ಕಣ್ಣಾರೆ ಕಂಡೆ ರೀ, ನನ್ನ ಮಗಳಾಣೆ ಅಂದೆ. ಈಗಲೇ ಪರೀಕ್ಷೆ ಮಾಡಿ ನೋಡಿ ಅಂದೆ. ಇವಳಿಗೂ ಹೇಳಿಕೊಟ್ಟು ಕರ್ಕೊಂಡು ಬಂದಿದ್ದೀಯಾ ಅನ್ನುವ ಹಾಗೆ ಅಣ್ಣನ ಕಡೆ ನೋಡಿದರು. ಸಿಟ್ಟೇನೂ ಇರಲಿಲ್ಲ ಆ ಮುಖದಲ್ಲಿ. ಮೆಚ್ಚಿಕೊಂಡವರ ಹಾಗಿತ್ತು. ಇಷ್ಟು ವರ್ಷ ಮನೆಯವರಿಗೇ ತಿಳಿಯದ ಹಾಗೆ ಮುಚ್ಚಿಟ್ಟಿದ್ದ ಮನುಷ್ಯ ಈಗ ನಿಜ ಹೇಳಿದರೆ ನಂಬುವವರು ಯಾರು?

ಇವರು ಕಷ್ಟಪಟ್ಟು ಗೋಡೆ ಕಡೆ ಹೊರಳಿಕೊಂಡರು. ಕಾಲು ತೆಗೆದ ಕಡೆಯ ತೊಡೆ ಹೊಟ್ಟೆಯ ಕಡೆಗೆ ಮಡಚಿಕೊಂಡೇ ಇತ್ತು. "ಅಣ್ಣನ್ನ ಕರ್ಕೊಂಡು ಹೋಗೇ," ಅಂದರು ಮೆಲ್ಲಗೆ. "ಮಾಡಿದ್ದು ನಾನು. ಅವನ ಮೇಲೆ ಹೊರಿಸಿ ನಾನು ಕಾಲು ಹಾಕ್ಕೊಂಡು ಓಡಾಡಲ್ಲ."

ಮುಖ ಗೋಡೆಗಿತ್ತು, ಭಾವನಿಗೆ ಬಾಯಿ ಕಾಣಲಿಲ್ಲ. ಕಣ್ಣೊರೆಸಿಕೊಂಡು ನನ್ನ ಕಡೆ ತಿರುಗಿ, "ಏನಂದ? ಕ್ಷಮಿಸಿದನಾ?" ಅಂತ ಕೇಳಿದರು.

ನಂಬಲ್ಲ ಅಂದರು ಅಂತ ಹೇಳಿದೆ. ಸೆರಗು ಬಾಯಿಗೆ ಒತ್ತಿಕೊಂಡೇ ಹೇಳಿದ್ದೆ, ಅವರಿಗೆ ತಿಳಿಯಲಿಲ್ಲ. ಮತ್ತೆ ನನ್ನ ಬಾಯಿಯನ್ನೇ ನೋಡುತ್ತಾ ಕೂತರು. ಗಟ್ಟಿಯಾಗಿ ಇನ್ನೊಂದು ಸಲ ಹೇಳಬೇಕಾಯಿತು.