ಸುಮ್ಮನಿರಬೇಕಾದ ಸೂಗಮ್ಮ

ಇನ್ನೂ ನಸುಕು. ಕಾಚಿಗೂಡದ ಕನ್ನಡ ಸಂಘದ ಸಭಾಂಗಣದಲ್ಲಿ ಎರಡೇ ದೀಪ ಉರಿಯುತ್ತಿವೆ. ವೇದಿಕೆಯ ಮೇಲೆ ಇಬ್ಬರು ಕೈದಿಗಳು, ಒಂದು ಚಾಪೆ, ಒಂದು ನೀರಿನ ಕೊಡ. ಪಕ್ಕದ ಕರಿ ಪರದೆಯ ಮರೆಯಲ್ಲಿ, ಬೋರಲು ಹಾಕಿದ ಪೇಂಟ್ ಡಬ್ಬಿಯ ಮೇಲೆ ಸೂಗಮ್ಮ ಕುಳಿತಿದ್ದಾರೆ. ತೊಡೆಯ ಮೇಲೆ ನಾಟಕದ ಪ್ರತಿ. ಕೈದಿಗಳು ಆಡಬೇಕಾದ ಮಾತೆಲ್ಲ ತುಸು ಮೊದಲೇ ಇವರ ತುಟಿಯ ಮೇಲೆ ಬಂದು ಹೋಗುತ್ತದೆ. ಟಿಕೆಟ್ ತೆಗೆಸಿ ಬಂದವರಿಗೆ ಸೂಗಮ್ಮ ಕಾಣುವುದಿಲ್ಲ, ಕೇಳಿಸಲೂಬಾರದು.

ಸೂಗಮ್ಮ ಪ್ರಾಂಪ್ಟರ್. ನಟ ಮಾತು ಮರೆತರೆ ಮೆಲ್ಲಗೆ ಎತ್ತಿಕೊಡುವುದು ಅವರ ಕೆಲಸ. ರಾಯಚೂರು ಕಡೆಯ ನಾಟಕ ಕಂಪನಿಯೊಂದರಲ್ಲಿ ಹರೆಯವನ್ನೆಲ್ಲ ಹೀಗೇ ಕಳೆದವರು. ಕಂಪನಿ ಮುಚ್ಚಿದ ಮೇಲೆ, ಹಾರ್ಮೋನಿಯಂ ಪೇಟಿ ನುಡಿಸುತ್ತಿದ್ದ ಗಂಡ ಕೂಕಟ್‌ಪಲ್ಲಿಯ ಅಪಾರ್ಟ್‌ಮೆಂಟೊಂದಕ್ಕೆ ವಾಚ್‌ಮನ್ ಆದರು. ಸೂಗಮ್ಮ ಅಲ್ಲೇ ಜೋಳದ ರೊಟ್ಟಿ ಬಡಿದು ಮಾರುತ್ತಾರೆ. ಬಡಿದೂ ಬಡಿದೂ ಬಲಗೈ ಈಗ ಭುಜಕ್ಕಿಂತ ಮೇಲೆ ಏಳುವುದಿಲ್ಲ. ಅದೇ ಅಪಾರ್ಟ್‌ಮೆಂಟಿನ ನಿವೃತ್ತ ಇಂಜಿನಿಯರ್ ಪ್ರಾಣೇಶರಾಯರಿಗೆ ನಾಟಕದ ಹುಚ್ಚು. ರೊಟ್ಟಿ ಒಯ್ಯಲು ಬಂದಾಗ ಇವರ ಹಳೆಯ ಕಸುಬು ತಿಳಿದದ್ದೇ ತಡ, ತಮ್ಮ ಕಾರಿನಲ್ಲೇ ಇಲ್ಲಿಗೆ ಕರೆತಂದರು.

ನಾಟಕದಲ್ಲಿ ಪಾತ್ರಗಳು ಎರಡೇ. ಸುಳ್ಳು ಸಹಿ ಹಾಕಿ ಸಿಕ್ಕಿಬಿದ್ದ ಸಾಹೇಬ, ಕುರಿ ಕದ್ದ ಕಳ್ಳ. ಜೈಲಿನ ಒಂದೇ ಕೋಣೆಯಲ್ಲಿ ಮೊದಲು ಹಾವು-ಮುಂಗುಸಿ, ಆಮೇಲೆ ಒಬ್ಬರನ್ನು ಬಿಟ್ಟು ಒಬ್ಬರಿಲ್ಲ. ಸಾಹೇಬ ನಮ್ಮ ರಾಯರು. ಕಳ್ಳ ಗುರುಬಸವ, ಟೈಲ್ಸ್ ಹಾಕುವವರು. ಬಿಸಿಲೇರುವುದರೊಳಗೆ ಅವರು ಕೆಲಸಕ್ಕೆ ಹೋಗಬೇಕು, ಅದಕ್ಕೇ ತಾಲೀಮು ಇಷ್ಟು ಬೇಗ.

ತೊಡಕು ಇರುವುದು ಸಾಹೇಬನ ತಾಯಿ ತೀರಿಕೊಂಡ ಸುದ್ದಿ ಬರುವ ದೃಶ್ಯದಲ್ಲಿ. ಸುದ್ದಿ ಕೇಳಿದ ಮೇಲೆ ಇಬ್ಬರೂ ಬಹಳ ಹೊತ್ತು ಮಾತಿಲ್ಲದೆ ಕೂರುತ್ತಾರೆ; ಆಮೇಲೆ ಮೊದಲು ಬಾಯಿ ಬಿಡಬೇಕಾದವನು ಸಾಹೇಬ. ಕಂಪನಿ ನಾಟಕದ ಸೂಗಮ್ಮನಿಗೆ ಈ ಮೌನದ ತಲೆಬುಡ ತಿಳಿಯಲಿಲ್ಲ.

"ನಮ್ಮ ಕಂಪನ್ಯಾಗ ಮಾತು ನಿಂತ್ರ ಮಂದಿ ಸೀಟಿ ಹೊಡೀತಿದ್ರು ರೀ. ಇಲ್ಲಿ ನೋಡಿದ್ರ ಸುಮ್ಕ ಕುಂಡ್ರೋದ ನಾಟಕ ಅಂತಾರ," ಎನ್ನುತ್ತಾರೆ.

ತಾಲೀಮಿನಲ್ಲಿ ಪ್ರತಿ ಸಲವೂ ಅವರು ಮುಂದಿನ ಮಾತು ಎತ್ತಿಕೊಟ್ಟೇ ಬಿಡುತ್ತಿದ್ದರು. ಕೊನೆಗೆ ನಿರ್ದೇಶಕಿ ಅಮಿತಾ ಕೈಮುಗಿದರು. "ಸೂಗಮ್ಮಾರ, ಆ ಸೀನ್‌ನಾಗ ಏನಾದ್ರೂ ಆಗ್ಲಿ, ಬಾಯಿ ತೆರೀಬ್ಯಾಡ್ರಿ. ತೆರದ್ರ ಪ್ರಾಂಪ್ಟಿಂಗ್ ಬಿಡಿಸಿ ನಿಮ್ಮನ್ನ ಮಂದಿ ನಡುವ ಕೂಡಿಸಬೇಕಾಗ್ತದ."

ಮೊದಲ ಪ್ರದರ್ಶನದ ದಿನ ಸೂಗಮ್ಮ ಬಾಯಿಗೆ ಸೆರಗು ಒತ್ತಿ ಕೂತರು. ಮೌನ ಬೆಳೆಯಿತು, ಇನ್ನೂ ಬೆಳೆಯಿತು. ಜನ ಕಣ್ಣೊರೆಸಿಕೊಂಡರು. ಗುರುಬಸವ ಹೇಗೋ ತಮ್ಮ ಕೊನೆಯ ಮಾತಿಗೆ ಜಿಗಿದು ದೃಶ್ಯ ಮುಗಿಸಿದಾಗ ಚಪ್ಪಾಳೆಯೋ ಚಪ್ಪಾಳೆ. ಒಳಗೆ ಬಂದ ರಾಯರ ಅಂಗಿ ಬೆವರಿಗೆ ತೊಯ್ದಿತ್ತು.

"ನನಗ ಖರೇನ ಮರ್ತುಹೋಗಿತ್ತು, ಸೂಗಮ್ಮ. ನಿಮ್ಮ ದನಿಗೆ ಕಾದು ಕೂತೆ. ನೀವೂ ಸುಮ್ಮನಾದ್ರಿ," ಎಂದರು. ಅದೇ ಹೊತ್ತಿಗೆ ಓಡಿಬಂದ ಅಮಿತಾ, "ಎಷ್ಟ ಚಂದ ಸುಮ್ಮನಿದ್ರಿ" ಎಂದು ಸೂಗಮ್ಮನನ್ನು ಅಪ್ಪಿಕೊಂಡರು.

"ಯಾರ ಮಾತು ಹಿಡೀಲಿ ರೀ ನಾ?" ತಾಲೀಮು ನೋಡಲು ಬಂದ ನನ್ನನ್ನೇ ಸೂಗಮ್ಮ ಕೇಳುತ್ತಾರೆ. "ಮಂದಿ ಅತ್ತಿದ್ದೂ ಖರೆ, ಆ ಮನಷ್ಯಾ ಅಲ್ಲಿ ಮುಳುಗಾಕತ್ತಿದ್ದೂ ಖರೆ."

ಅಂದು ಸಭೆಯಲ್ಲಿ ಕುಳಿತು ನಾನೂ ಅತ್ತಿದ್ದೆ. ಅತ್ತದ್ದು ಯಾವುದಕ್ಕೆ ಎಂದು ಈಗ ನನಗೇ ಗಲಿಬಿಲಿ.

ಎರಡನೇ ಪ್ರದರ್ಶನ ನಾಳೆ. ಎಲ್ಲರೂ ಸೇರಿ ಒಂದು ಉಪಾಯ ಮಾಡಿದ್ದಾರೆ: ಮರೆತರೆ ರಾಯರು ಕಿವಿ ಮುಟ್ಟಿಕೊಳ್ಳಬೇಕು, ಆಗ ಮಾತ್ರ ಸೂಗಮ್ಮ ಬಾಯಿ ತೆರೆಯಬೇಕು. ಈಗ ತಾಲೀಮಿನಲ್ಲಿ ಅದೇ ದೃಶ್ಯ ನಡೆಯುತ್ತಿದೆ. ಇಬ್ಬರೂ ಸುಮ್ಮನೆ ಕುಳಿತಿದ್ದಾರೆ. ರಾಯರ ಕೈ ಕಿವಿಗೆ ಹೋಗುತ್ತದೆ. ಸೂಗಮ್ಮ ಥಟ್ಟನೆ ಮಾತು ಎತ್ತಿಕೊಡುತ್ತಾರೆ.

"ಸೊಳ್ಳಿ ಕಡೀತು, ಸೂಗಮ್ಮ," ಎನ್ನುತ್ತಾರೆ ರಾಯರು.

ಗುರುಬಸವ ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. ಅಮಿತಾ ತಲೆಯ ಮೇಲೆ ಕೈಹೊತ್ತು, "ನಾಳಿನೂ ಹಿಂಗಾದ್ರ ಏನು ಮಾಡೋದ್ರಿ?" ಎಂದು ಕೇಳುತ್ತಾರೆ. ಅವರ ದನಿಯಲ್ಲಿ ನಗು ಇಲ್ಲ.

ಸೂಗಮ್ಮ ಕೂತಲ್ಲಿಂದ ಏಳುವುದಿಲ್ಲ. "ಸೊಳ್ಳಿ ಕಡಿದ್ರೂ ಮಾತು ಎತ್ತಿಕೊಡ್ತೀನಿ ರೀ. ನಾಟಕ ಕೆಟ್ರ ನನ್ನ ಬೈರಿ. ಒಮ್ಮಿ ಆ ಮನಷ್ಯಾನ್ನ ಅಲ್ಲಿ ಒಬ್ಬನ್ನ ಬಿಟ್ಟು ನೋಡೀನಿ. ಇನ್ನೊಮ್ಮಿ ನನ್ನಿಂದ ಆಗಂಗಿಲ್ಲ."